ಕಡದ ಮೂಗು

ಜ್ವರದ ವರ್ಷ ಹೋದ ಮೂಗು
ಮತ್ತೆ ಬರಲಿಲ್ಲ.
ದಕ್ಕೆಯಲ್ಲಿ ಮೀನು ಕತ್ತರಿಸುವವಳಿಗೆ
ಅದು ವರ ಅಲ್ವಾ ಅಂದಳು ಕಾರ್ಮಿನ್ ಬಾಯಿ.
ಅವಳು ನಕ್ಕಳು, ನಾನೂ ನಕ್ಕೆ.
ವರ ಎಂತದ್ದು?
ಬಂಗುಡೆ ಇವತ್ತಿನದೋ ಮೊನ್ನೆಯದೋ
ಕಿವಿರು ಬಿಡಿಸಬೇಕು, ಹೊಟ್ಟೆ ಒತ್ತಬೇಕು;
ಮಂಜುಗಡ್ಡೆಯಡಿ ಮಲಗಿದ್ದು
ಕಣ್ಣಿಗೂ ಸುಳ್ಳು ಹೇಳುತ್ತದೆ.

ಆಗ ಬಂತು ಇದು.
ಸಪೂರ ನಡು, ಹೊಟ್ಟೆಗೊಂದು ಅರಸಿನ ಪಟ್ಟಿ.
ಕಡಜ. ಹೆಸರಲ್ಲೇ ಕಡ ಉಂಟು.
ತೆಂಕುಗಾಳಿಗೆ ಎದುರಾಗಿ
ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊಯ್ದಾಡುತ್ತ,
ಎಳೆ ತಪ್ಪಿದಲ್ಲಿ ತಡವರಿಸಿ
ಸಿಕ್ಕಿದಲ್ಲಿ ನೆಟ್ಟಗೆ
ನನ್ನ ಹಲಗೆಗೇ.
ಮೀಸೆ ಎರಡೂ ಆಡಿಸಿತು.
ಮೂಗು ಇರುವುದು ಅಲ್ಲಂತೆ,
ತಂಗಿಯ ಮಗಳು ಪ್ರತೀಕ್ಷ ಹೇಳಿದ್ದು.
ಮೊನ್ನೆಯದನ್ನು ನೊಣಗಳಿಗೆ ಬಿಟ್ಟು
ಇವತ್ತಿನದರ ಬೆನ್ನಿಂದ
ಸಾಸಿವೆಯಷ್ಟು ಕೊರೆದು ಉಂಡೆ ಕಟ್ಟಿತು.
ಗೂಡಿನ ಮಕ್ಕಳಿಗೆ. ತನಗಲ್ಲ.
ನಾನೂ ಮನೆಗೆ ಒಯ್ಯುವುದು ತಲೆ, ಬಾಲ;
ಅದು ಬೇರೆ ಮಾತು.

ಹೊರಟಿತು ಅಂದುಕೊಂಡೆ. ಇಲ್ಲ.
ಹಲಗೆಗೆ ಮುಖಮಾಡಿ ತಿರುಗಿ
ಹಿಂದೆ ಹಿಂದೆ ಸರಿಯುತ್ತ, ಕಮಾನು ಬರೆಯುತ್ತ
ನೀಲಿ ಡ್ರಮ್ಮು, ಹರಿದ ತಟ್ಟಿ, ನನ್ನ ಕೆಂಪು ಕೊಡೆ
ಒಂದೊಂದನ್ನೂ ಕಣ್ಣಿಗೆ ಹಾಕಿಕೊಂಡಿತು.
ಚಾ ಕುಡಿಯುವಷ್ಟರಲ್ಲಿ ಮತ್ತೆ ಹಾಜರು.
ಅದು ಕೂತದ್ದು ಕಂಡು ಇನ್ನೊಂದು,
ಎರಡನ್ನು ಕಂಡು ಮೂರನೆಯದು.
ಗಿರಾಕಿಗಳೂ ಹಾಗೆಯೇ ಮಾರಾಯ್ರೆ,
ಖಾಲಿ ಬುಟ್ಟಿಯೆದುರು ಇಬ್ಬರು ನಿಂತರೆ ಸಾಕು.

"ಫ್ರೆಶ್ಶಾ?" ಕಾರ್‌ಸ್ಟ್ರೀಟಿನ ಶೆಣೈ ಮಾಮ್ ಕೇಳಿದರೆ
ಕತ್ತಿಯ ತುದಿಯಿಂದ ತೋರಿಸುತ್ತೇನೆ:
"ಇದು ಕೂತದ್ದು ಕೊಡುತ್ತೇನೆ,
ಕೂರದ್ದು ಕೊಡುವುದಿಲ್ಲ."
ಹೆದರಿ ಒಂದು ಹೆಜ್ಜೆ ಹಿಂದೆ ಹೋಗಿ
ಎರಡು ಕಿಲೋ ಹಾಕಿಸಿಕೊಳ್ಳುತ್ತಾರೆ.

ಮಂಗಳವಾರ ಚರಂಡಿ ತೋಡಲು ಬಂದವರು
ನನ್ನನ್ನು ಎಂಟು ಮಾರು ಆಚೆ ದೂಡಿದರು.
ಬೆಳಗ್ಗೆ ಅದು ಬಂದದ್ದು ಅಲ್ಲಿಗೇ.
ಹಲಗೆ ಇದ್ದ ಗಾಳಿಯ ಮೇಲೆ
ಇಳಿದು, ಕಾಲಿಗೆ ಏನೂ ಸಿಗದೆ, ಎದ್ದು,
ಮತ್ತೆ ಇಳಿದು.
ಶೆಣೈ ಮಾಮ್ ಕೂಡ
ಅದೇ ಹೊಂಡದೆದುರು ಚೀಲ ಬಿಡಿಸಿ ನಿಂತಿದ್ದರು.

ಕೂಗಿದೆ. ಅವರಿಗೆ ಕೇಳಿತು.
ಇದನ್ನು ಹೇಗೆ ಕೂಗುವುದು?
ಕೆಂಪು ಕೊಡೆ ಬಿಡಿಸಿ ನೆಟ್ಟೆ.
ಅಂಜಲಿನ ಹೊಟ್ಟೆ ಸೀಳಿ
ಕರುಳನ್ನು ಹಲಗೆ ತುಂಬ ಹರಡಿದೆ.
ನಾನೂ ಒಂದು ಉಸಿರು ಎಳೆದು ನೋಡಿದೆ:
ತಣ್ಣಗೆ, ಬರೀ ಗಾಳಿ.

ಆ ಗಾಳಿಯೇ ಅಳಿವೆ ಕಡೆಯಿಂದ ತಿರುಗಿ
ನನ್ನನ್ನು ದಾಟಿ ಹೊಂಡದತ್ತ ಹೋಯಿತು.
ಅಲ್ಲಿ ಹುಳ ಒಮ್ಮೆ ಓಲಾಡಿ
ಮೀಸೆ ಎತ್ತಿತು.