ಹನ್ನೆರಡು ಮೀಟರು

ಮತೊಸಿನ್ಯುಸ್ ಬಂದರಿನಲ್ಲಿ ಸೈರನ್ನು ಕೂಗಿದರೆ
ದೋಣಿ ಬಂತೆಂದು ಅರ್ಥ; ಕೂಗದಿದ್ದರೆ
ಅವತ್ತು ಕೂಲಿಯಿಲ್ಲ. ಅದು ಫೆಲಿಜ್‌ಬೆಲಾಳ ಕಾಲ.
ನನ್ನ ಕಾಲಕ್ಕೆ ಮೀನು ಮಂಜುಗಡ್ಡೆಯಲ್ಲಿ ಮಲಗಿಕೊಂಡೇ
ಲಾರಿ ಹತ್ತಿ ಬರುತ್ತದೆ, ಸಂಬಳ ತಿಂಗಳ ಕೊನೆಗೆ ಬರುತ್ತದೆ,
ಸೈರನ್ನು ಗೋಡೆಯ ಮೇಲೆ ತುಕ್ಕು ತಿನ್ನುತ್ತ ಕೂತಿದೆ.

ಲಿಸ್ಬನ್ನಿನಿಂದ ಬಂದವಳು ಫಾರ್ಮು ಹಂಚಿದಳು, ತಿಳಿನೀಲಿ ಕಾಗದ.
ಸಂಸ್ಥೆಯ ಬಗ್ಗೆ ನಿಮ್ಮ ಬದ್ಧತೆ ಎಷ್ಟು, ಒಂದರಿಂದ ಐದರೊಳಗೆ?
ಐದು ವರ್ಷದ ಬಳಿಕ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?

ಫೆಲಿಜ್‌ಬೆಲಾ ಕನ್ನಡಕ ಹುಡುಕಿದಳು, ಏಪ್ರನ್ನಿಗೆ ಕೈ ಒರೆಸಿದಳು,
ಪೆನ್ನನ್ನು ಮೀನಿನ ಬಾಲದಂತೆ ಹಿಡಿದು ಬರೆದಳು:
"ಇಲ್ಲೇ. ಕಿಟಕಿಯ ಪಕ್ಕ."

ನಾವು ನಕ್ಕೆವು. ಅವಳು ನಗಲಿಲ್ಲ, ಲೆಕ್ಕ ಕೊಟ್ಟಳು:
ಹದಿನಾರಕ್ಕೆ ಬಂದಾಗ ತಲೆ ಕಡಿಯುವ ಮೇಜು, ಬಾಗಿಲ ಬಳಿ, ಚರಂಡಿಯ ಮೇಲೆ;
ಮದುವೆಯ ವರ್ಷ ಉಗಿಯ ಪಕ್ಕ, ತಂತಿ ಜಾಲರಿಗೆ;
ಎರಡನೆಯ ಮಗು ಹಾಲು ಬಿಡುವ ಹೊತ್ತಿಗೆ ಡಬ್ಬಿ ತುಂಬುವ ಸಾಲು,
ಎಣ್ಣೆ, ಲವಂಗ, ಒಂದು ಚೂರು ಕ್ಯಾರೆಟ್ಟು, ಅರ್ಧ ಮೆಣಸಿನಕಾಯಿ;
ಆಮೇಲೆ ಕಾಗದ ಸುತ್ತುವ ಮೇಜು,
ಅಲ್ಲೂ ಕಿಟಕಿಯ ಕುರ್ಚಿ ಸಿಕ್ಕಿದ್ದು ಇದಾಲಿನಾ ಸತ್ತ ಮೇಲೆ.
ಮೂವತ್ತೊಂದು ವರ್ಷ. ಬಾಗಿಲಿಂದ ಕಿಟಕಿಗೆ
ಹನ್ನೆರಡು ಮೀಟರು. ಟೇಪು ಹಿಡಿದು ಅಳೆದವಳು ನಾನೇ.

ಬಂದವಳು ಮೆಲ್ಲಗೆ ಕೇಳಿದಳು: ಮೇಲ್ವಿಚಾರಕಿ ಆಗುವ ಆಸೆಯಿಲ್ಲವೇ?
"ಕೇಳಿದ್ದೆ, ತೊಂಬತ್ತೆಂಟರಲ್ಲಿ. ಆಗ ಈ ಫಾರ್ಮು ಇರಲಿಲ್ಲ"
ಎಂದು ಮುಂದಿನ ಡಬ್ಬಿ ಎತ್ತಿಕೊಂಡಳು.

ಬದ್ಧತೆಯ ಖಾನೆ ಖಾಲಿ ಬಿಟ್ಟಿದ್ದಳು.
ಈ ಮನೆಯ ಉಪ್ಪು ತಿಂದಿಲ್ಲವೇ ಎಂದು ಯಾರೋ ಚುಚ್ಚಿದರು.
ಕೈ ಬಿಡಿಸಿ ತೋರಿಸಿದಳು, ಬೆರಳ ಸಂದಿಗಳಲ್ಲಿ ಬಿಳಿಯ ಬಿರುಕು.
"ನಾನು ತಿಂದ ಉಪ್ಪು ಎಷ್ಟೋ ಗೊತ್ತಿಲ್ಲ,
ಉಪ್ಪು ನನ್ನನ್ನು ತಿಂದದ್ದಕ್ಕೆ ಲೆಕ್ಕವಿದೆ."

ನಾನು ಐದು ಎಂದು ಬರೆದೆ. ಸುಳ್ಳೇನಲ್ಲ, ನಿಜವೂ ಅಲ್ಲ.
ನನಗೆ ಇಪ್ಪತ್ತಮೂರು; ದ್ವೀಪ ಬಿಟ್ಟು ಬಂದ ಅಮ್ಮ
ಹೋಟೆಲಿನಲ್ಲಿ ಕಂಡವರ ಹಾಸಿಗೆ ಹಾಸುತ್ತಿದ್ದಳು;
ಐದು ಎಂದರೆ ಸಂಜೆಯ ತರಗತಿ, ಕಂಪನಿಯ ಖರ್ಚಿನಲ್ಲಿ.
ಹೋದೆ. ಉಷ್ಣಾಂಶ, ಲವಣಾಂಶ, ಸೀಲಿನ ಬಿಗಿ,
ಕಣ್ಣಿಗೆ ಕಾಣದ ಹುಳುಗಳ ಉದ್ದುದ್ದ ಹೆಸರು.
ರೈಲಿನಲ್ಲಿ ಓದುತ್ತ ತೂಕಡಿಸಿ
ಕೊನೆಯ ನಿಲ್ದಾಣದಲ್ಲಿ ಏಳುತ್ತಿದ್ದೆ.

ಈಗ ಬಿಳಿ ಕೋಟು, ಎದೆಯ ಮೇಲೆ ಹೆಸರು:
ಜುಲೈಕಾ ತವಾರೆಸ್, ಗುಣಮಟ್ಟ.
ಗಾಜಿನ ಈಚೆ ಕೂತು ನೂರಕ್ಕೊಂದು ಡಬ್ಬಿ ತೆಗೆದು ನೋಡುತ್ತೇನೆ,
ಮಡಿಕೆ ನೇರವಿದೆಯೇ, ಮೂಲೆ ಕೂತಿದೆಯೇ.
ಆ ಮಡಿಕೆ ಕಲಿಸಿದವಳು ಅವಳು:
ಹೆಬ್ಬೆರಳು ಮುಂದೆ, ಉಸಿರು ಹಿಂದೆ,
ಕಾಗದವನ್ನು ಗದರಬೇಡ, ಅದು ತಾನಾಗಿ ಒಪ್ಪಬೇಕು.

ನಿನ್ನೆ ತೆಗೆದ ಡಬ್ಬಿಯ ಮೂಲೆ ಸಡಿಲವಿತ್ತು.
ಇನ್ನೊಂದು ತೆಗೆದೆ (ನಿಯಮದಲ್ಲಿ ಇನ್ನೊಂದಿಲ್ಲ). ಅದೂ ಸಡಿಲ.
ಗಾಜಿನಾಚೆ ಅವಳು ಎಡಗೈಯಿಂದ ಬಲಗೈಯ ಗೆಣ್ಣು
ಒಂದೊಂದಾಗಿ ಒತ್ತಿಕೊಳ್ಳುತ್ತಿದ್ದಳು,
ಯಾರೂ ನೋಡುತ್ತಿಲ್ಲ ಎಂದುಕೊಂಡು.

ದಾಖಲೆಯಲ್ಲಿ ಎರಡೇ ಖಾನೆ: ಸರಿ, ತಪ್ಪು.

ಬಾಗಿಲು ಮುಂದೆ ಮಾಡಿದೆ. ಎರಡನ್ನೂ ಬಿಚ್ಚಿದೆ, ಮತ್ತೆ ಸುತ್ತಿದೆ,
ಹೆಬ್ಬೆರಳು ಮುಂದೆ, ಉಸಿರು ಹಿಂದೆ.
ಸರಿ ಎಂದು ಗುರುತು ಹಾಕಿದೆ.
ಇವತ್ತು ಎರಡು. ನಾಳೆ ಎಷ್ಟೋ.
ಇದು ಬದ್ಧತೆಯೋ, ಕಳ್ಳತನವೋ,
ಯಾರಿಗೆ, ಒಂದರಿಂದ ಐದರೊಳಗೆ ಎಷ್ಟು,
ಯಾವ ತರಗತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ಸಂಜೆ ಬಟ್ಟೆ ಬದಲಿಸುವ ಕೋಣೆಯಲ್ಲಿ
ಅರ್ಧ ನಿಂಬೆಹಣ್ಣು ನನ್ನತ್ತ ಚಾಚಿದಳು, ಕೈ ತಿಕ್ಕಿಕೊ ಎಂದು.
ಈಗ ನನ್ನ ಕೈ ವಾಸನೆ ಬರುವುದಿಲ್ಲ, ಅಂದೆ.
ಬೆರಳು ಹಿಡಿದು ಮೂಸಿದಳು, ಕಣ್ಣೆತ್ತದೆ.
"ಇವತ್ತು ಬರ್ತಿದೆ."