ಚೊಂಬಿನಲ್ಲಿ ತಂದ ದೂರು

ಬೆಳಿಗ್ಗೆ ಆರೂವರೆಗೆ ಶಾಂತವೀರಮ್ಮ
ಬಾಗಿಲಲ್ಲಿ ನಿಂತು ಹಿತ್ತಾಳೆ ಚೊಂಬು ಚಾಚಿದರು:
"ಮೂಸಿ ನೋಡು."

ಮೂಸಿದೆ.
ಮೊದಲು ಕಲ್ಲು, ಆಮೇಲೆ ಪಾಚಿ,
ಅವುಗಳ ಹಿಂದೆ, ತೀರಾ ಹಿಂದೆ,
ಕೊನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹಾಗೆ
ನನ್ನ ಮಗಳ ಮಲ್ಲಿಗೆ ಸೋಪು.

ಗುಂಡಿ ತೋಡಿಸಿದವಳು ನಾನೇ.
ಬಚ್ಚಲ ನೀರು ಹರಿದುಹೋಗಿ
ಜೋಗಿಮಟ್ಟಿ ರಸ್ತೆಯ ಚರಂಡಿಯಲ್ಲಿ ಸೊಳ್ಳೆ ಸಾಕುವುದು ಬೇಡವೆಂದು
ಆಳುದ್ದ ಅಗೆಸಿ, ತಳಕ್ಕೆ ದಪ್ಪ ಜಲ್ಲಿ,
ಮೇಲೆ ಇದ್ದಿಲು, ಮರಳು, ಅಂಚಿಗೆ ಕಾಬಾಳೆ.
ಮಿಂದದ್ದು, ಒಗೆದದ್ದು, ಅಕ್ಕಿ ತೊಳೆದದ್ದು, ಪಾತ್ರೆ ತಿಕ್ಕಿದ್ದು
ಎಲ್ಲವನ್ನೂ ಗುಟುಕು ಗುಟುಕಾಗಿ ಕುಡಿಯಿತು ನೆಲ.
ಎರಡೇ ವರ್ಷಕ್ಕೆ ಕಾಬಾಳೆ
ಕಾಂಪೌಂಡಿನಾಚೆ ಇಣುಕಿತು.

ಆಚೆ ಅವರ ಸೇದುವ ಬಾವಿ.
ಹನ್ನೊಂದು ವರ್ಷ ಒಣಗಿ ನಿಂತು
ಹುಡುಗರ ಚೆಂಡು, ಸವೆದ ಪೊರಕೆ, ಒಮ್ಮೆ ಒಂದು ಬೆಕ್ಕು ನುಂಗಿದ್ದು.
ಕಳೆದ ಮಾಗಿಯಲ್ಲಿ ಒಂದು ದಿನ
ಅದರ ತಳದಲ್ಲಿ ತಟ್ಟೆಯಗಲ ಆಕಾಶ.
ಹಗ್ಗ ಇಳಿಸಿದೆವು: ಮೂರು ಮೊಳ!
ಕಟ್ಟೆಗೆ ಅರಿಶಿನ ಬಳಿದು ಓಣಿಗೆಲ್ಲ ಹೋಳಿಗೆ ಹಂಚಿದರು.
ಮಳೆಯಿಲ್ಲದ ತಿಂಗಳಲ್ಲಿ ಗಂಗವ್ವ
ಯಾವ ದಾರಿಯಿಂದ ಬಂದಳೆಂದು
ಹೋಳಿಗೆ ತಿನ್ನುವಾಗ ಯಾರು ಕೇಳುತ್ತಾರೆ?

ಮೇಲಿನ ಹೊಂಡ ತುಂಬಿದರೆ ಕೆಳಗಿನದಕ್ಕೆ ಇಳಿಯಲೆಂದು
ಕೋಟೆ ಕಟ್ಟಿದವರು ಕಲ್ಲು ಕಡಿದರಂತೆ.
ನನ್ನದೂ ಅದೇ ಲೆಕ್ಕ,
ಬಚ್ಚಲಿನಿಂದ ಹಿಡಿದೆ ಅಷ್ಟೆ.

ಬಾಟಲಿ ತುಂಬಿ ಪರೀಕ್ಷೆಗೆ ಕೊಟ್ಟೆವು.
ಲ್ಯಾಬಿನ ಪಾಲಯ್ಯ ಚೀಟಿ ಬರೆದ:
ಗಿಡಕ್ಕೆ ಅಡ್ಡಿಯಿಲ್ಲ, ಬಾಯಿಗೆ ಬೇಡ.
ಬಾಯಿಗೆ ಯಾವುದಪ್ಪಾ ಹಾಗಾದರೆ?
ಎಂಟುನೂರು ಅಡಿಯ ಬೋರಿನದು
ಓಣಿಯ ಮಕ್ಕಳ ಹಲ್ಲಿಗೆ ಕಂದು ಗೆರೆ ಎಳೆದಿದೆ.
ಯಾರೂ ಮೀಯದ, ಯಾರೂ ಮುಟ್ಟದ ನೀರದು,
ಬಂಡೆಯ ಜೊತೆ ಬಹುಕಾಲ ಬಾಳಿ
ಬಂಡೆಯ ಗುಣ ಕಲಿತದ್ದು.
ಇದು
ನಮ್ಮ ಜೊತೆ ಬಾಳಿದ್ದು.

"ಗುಂಡಿ ಮುಚ್ಚಿಸಲೇ?" ಅಂದೆ.
ಶಾಂತವೀರಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ
ಎಲೆಯಡಿಕೆ ಚೀಲಕ್ಕೆ ಸೇರಿಸಿದರು.
ಗೇಟಿನವರೆಗೆ ಹೋದವರು ತಿರುಗಿ ನಿಂತು,
"ಮುಚ್ಚಿದ್ರೆ ಮತ್ತೆ ಒಣಗ್ತತೆ.
ಆ ಹುಡುಗೀಗೆ ಹೇಳು, ಸೀಗೆಪುಡಿ ನಾನೇ ಕೊಡ್ತೀನಿ."

ಡಬ್ಬಿ ನೋಡಿ ಮಗಳು ಮುಖ ಸಿಂಡರಿಸಿದಳು.
ಮಾತಿಲ್ಲದೆ ಎತ್ತಿಕೊಂಡು ಹೋಗಿ
ಬಚ್ಚಲ ಚಿಲಕ ಹಾಕಿಕೊಂಡಳು.

ಹಿತ್ತಲಲ್ಲಿ ಪೈಪಿನ ಬಾಯಿಯ ಮುಂದೆ
ಕುಕ್ಕರುಗಾಲಲ್ಲಿ ಕೂತಿದ್ದೇನೆ.
ಮೊದಲ ಚೊಂಬು ಸುರಿದ ಸದ್ದು.
ಈಗ ಬರುತ್ತದೆ:
ಮಲ್ಲಿಗೆಯೋ, ಸೀಗೆಯೋ.