ಎರಡನೇ ಬ್ರೇಕು

ಮಂಡಿ ಮೊಹಲ್ಲಾದ ಲೇತ್ ಅಂಗಡಿಯ ಹಿಂದೆ
ಟಾರ್ಪಾಲು ಎಳೆದ ಮುಜಮ್ಮಿಲ್.
ಅಡಿಯಲ್ಲಿತ್ತು: ನಾಲ್ಕು ಚಕ್ರ, ಒಂದಿಷ್ಟು ಪೈಪು,
ಬಲಪಕ್ಕೆಗೆ ಅಂಟಿಕೊಂಡ ನೂರಿಪ್ಪತ್ತೈದು ಸಿಸಿ ಎಂಜಿನ್ನು,
ಆರು ಗೇರು.
ಬಾಗಿಲಿಲ್ಲ, ಗಾಜಿಲ್ಲ, ಹಾರ್ನಿಲ್ಲ,
ನೆಲದಿಂದ ಒಂದು ಗೇಣೂ ಮೇಲಿಲ್ಲ.

"ಶಿಫ್ಟರ್ ಕಾರ್ಟು ಅಕ್ಕ. ಯಾರಿಗೆ, ಮಗನಿಗಾ?"
"ನನಗೆ," ಅಂದೆ.
ಅವನು ಟಾರ್ಪಾಲು ಮಡಿಸಿದ,
ಆಗಲೇ ಮಡಿಸಿಟ್ಟಿದ್ದನ್ನೇ ಇನ್ನೊಮ್ಮೆ.

ಹತ್ತೊಂಬತ್ತು ವರ್ಷ ನಾನು ಕೂತದ್ದು ಎಡಗಡೆ ಸೀಟಿನಲ್ಲಿ.
ವಿಮಲಾ ಡ್ರೈವಿಂಗ್ ಸ್ಕೂಲ್, ಸರಸ್ವತಿಪುರಂ.
ಕಾಲಡಿ ಎರಡನೇ ಕ್ಲಚ್ಚು, ಎರಡನೇ ಬ್ರೇಕು;
ಸ್ಟೀರಿಂಗು ಯಾವತ್ತೂ ಬೇರೆಯವರದ್ದು.
ಬ್ಯಾಂಕಿನವರು, ಮದುವೆ ಗೊತ್ತಾದ ಹುಡುಗಿಯರು,
ರಿಟೈರಾದ ಮೇಲೆ ಧೈರ್ಯ ಬಂದ ಸಂಸ್ಕೃತ ಮೇಷ್ಟ್ರು,
ಅವರೆಲ್ಲ ಗುದ್ದಬೇಕಿದ್ದ ಎಮ್ಮೆ, ಕಂಬ, ಹಾಲಿನ ವ್ಯಾನು
ಇವತ್ತಿಗೂ ನೆಟ್ಟಗಿವೆಯೆಂದರೆ
ಅದು ನನ್ನ ಬಲಗಾಲಿನ ಪುಣ್ಯ.
ಎಂಟು ಹಾಕಿಸುವ ಮೈದಾನದಲ್ಲಿ
ಕಿತ್ತಳೆ ಕೋನುಗಳ ನಡುವೆ
"ನಿಧಾನ, ನಿಧಾನ, ಇನ್ನೂ ನಿಧಾನ"
ಅಂದಂದೇ ಬಾಯಿ ಸವೆಯಿತು.

ಹೋದ ಡಿಸೆಂಬರಿನಲ್ಲಿ ಆಟೋಕ್ರಾಸು ನೋಡಿದೆ.
ಅದೇ ಕೋನು! ಅದೇ ಕಿತ್ತಳೆ!
ತಗುಲಿದರೆ ಎರಡು ಸೆಕೆಂಡು ದಂಡ, ಅಷ್ಟೇ.
ನಮ್ಮಲ್ಲಿ ಫೇಲು, ವಾರ ಬಿಟ್ಟು ಬನ್ನಿ.

ಹಳೇ ಗಾಡಿ ಕೊಳ್ಳುವುದು ಗೊತ್ತು ನನಗೆ:
ಹೊಸ ಪೇಂಟು ಕಂಡಲ್ಲಿ ಉಗುರಿಡಬೇಕು.
ಸೀಟಿನ ಕೆಳಗೆ ಕೂದಲೆಳೆಯ ಬಿರುಕು,
ಬೆಸುಗೆ ಹಾಕಿ ಮೇಲೆ ಕಪ್ಪು ಬಳಿದದ್ದು.
"ಇದೇನಪ್ಪ?"
"ಅದು... ಒಂದ್ಸಲ ಕೊಯಮತ್ತೂರಲ್ಲಿ..."
ಅಂದವನು ಒಳಗೆ ಹೋಗಿ ನೋಟ್‌ಬುಕ್ಕು ತಂದ.
ಎಂಜಿನ್ ಓಡಿದ ಗಂಟೆ, ಪಿಸ್ಟನ್ ಬದಲಿಸಿದ ತಾರೀಕು,
ಪೆಟ್ರೋಲಿಗೆ ಬೆರೆಸಿದ ಎಣ್ಣೆಯ ಅಳತೆ,
ಎಲ್ಲ ದುಂಡಗೆ.
ಕೊನೆಯ ಪುಟದಲ್ಲಿ ಬರೀ ತೂಕ, ಅವನದೇ:
ಅರವತ್ತೆರಡು. ಅರವತ್ತೊಂಬತ್ತು. ಎಪ್ಪತ್ತೇಳು.
ಅಲ್ಲಿಗೆ ಬರಹ ನಿಂತಿತ್ತು.

ಬಿರುಕಿಗೆಂದು ಹನ್ನೆರಡು ಸಾವಿರ ಇಳಿಸಿದೆ.
ನೋಟ್‌ಬುಕ್ಕಿಗೆಂದು ಎರಡು ಸಾವಿರ ಏರಿಸಿದೆ,
ಅವನು ಕೇಳದೆಯೇ.

ಗೂಡ್ಸ್ ಆಟೋಗೆ ಹಗ್ಗ ಬಿಗಿಯುತ್ತ ನಿಂಗರಾಜು
ಹಿಂದೆ ಮುಂದೆ ಸುತ್ತಿ ನೋಡಿ ನಿಟ್ಟುಸಿರುಬಿಟ್ಟ:
"ಅರ್ಧ ಗಾಡಿ ಕೊಟ್ಟು
ಪೂರ್ತಿ ದುಡ್ಡು ಈಸ್ಕಂಡವ್ನೆ ಮೇಡಂ!"

ಭಾನುವಾರ, ಬೆಳಿಗ್ಗೆ ಆರು. ಬೋಗಾದಿ ಆಚೆಯ ಬಡಾವಣೆ.
ರಸ್ತೆ ಇದೆ, ದೀಪದ ಕಂಬ ಇದೆ, ಮನೆಗಳಿನ್ನೂ ಇಲ್ಲ.
ಸ್ಕೂಲಿನ ಒಂಬತ್ತು ಕೋನು ಇಟ್ಟೆ.
ಮುಜಮ್ಮಿಲನ ಸೊಂಟದಳತೆಯ ಸೀಟಿಗೆ
ಎರಡೂ ಕಡೆ ಹಳೇ ಟವೆಲು ತುರುಕಿ ಕೂತೆ.
ನಿಂಗರಾಜು ತಳ್ಳಿದ. ಆಫ್.
ಮತ್ತೆ ತಳ್ಳಿದ. ಆಫ್.
"ಕ್ಲಚ್ಚು ಹಾಗೆ ದಡಕ್ಕಂತ ಬಿಡ್ತಾರೇನ್ರೀ!"
ಅಂತ ಎಡಗಡೆಯಿಂದ ಯಾರೋ ಬೈದರು.
ಎಡಗಡೆ ಯಾರೂ ಇರಲಿಲ್ಲ.

ಮೂರನೇ ಸಲ ಹೊರಟಿತು.
ಎರಡನೇ ಗೇರು. ಮೂರನೇ ಗೇರು.
ಅಜ್ಜಿ ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ
ಒಲೆಗೆ ಬಿದ್ದ ಹಾಗೆ ಹೊಗೆ.
ಡಾಂಬರಿನ ಒಂದೊಂದು ಜಲ್ಲಿಕಲ್ಲೂ
ಬೆನ್ನುಮೂಳೆಗೆ ತನ್ನ ಹೆಸರು ಹೇಳಿಕೊಂಡು ಹೋಯಿತು.
ಅಯ್ಯೋ ಎನ್ನುವಷ್ಟರಲ್ಲಿ ನಾಲ್ಕನೇ ಕೋನು ಎದುರಿಗೆ
ಮತ್ತು ಬಲಗಾಲು,
ಊರನ್ನೆಲ್ಲ ಕಾಪಾಡಿದ ನನ್ನ ಬಲಗಾಲು,
ತನ್ನ ಕೆಲಸ ತಾನು ಮಾಡಿತು.
ಗಟ್ಟಿಯಾಗಿ ಒತ್ತಿತು.

ಕಾರ್ಟಿನಲ್ಲಿ ಬ್ರೇಕು ಎಡಗಾಲಿಗೆ.
ಬಲಗಾಲಿನ ಕೆಳಗೆ ಆಕ್ಸಿಲರೇಟರು.

ನಾಲ್ಕು, ಐದು, ಆರು ಹಾರಿದವು.
ಏಳನೆಯದನ್ನು ಹೊಟ್ಟೆಯಡಿ ಎಳೆದುಕೊಂಡು
ಗಿರ್ರನೆ ತಿರುಗಿ ನಿಂತೆ,
ಯಾರದೋ ಮೂವತ್ತು ನಲವತ್ತರ ಸೈಟಿನೊಳಗೆ,
ಬಹುಶಃ ಅವರ ಅಡುಗೆಮನೆಯಲ್ಲಿ.
ಪಾರ್ಥೇನಿಯಂ ಹೂ ಹೆಲ್ಮೆಟ್ಟಿಗೆ ತಾಗುತ್ತಿತ್ತು.

ಮೊಬೈಲು ಹಿಡಿದು ಓಡಿಬಂದ ನಿಂಗರಾಜು
ಬದುಕಿದ್ದೀರಾ ಅಂತ ಕೇಳಲಿಲ್ಲ.
"ಎಂಟ್ ಸೆಕೆಂಡ್ ದಂಡ ಮೇಡಂ."

ಕೈ ನಡುಗುತ್ತಿತ್ತು. ಎಡಗಾಲನ್ನು
ಹೊಸದಾಗಿ ಸೇರಿದ ವಿದ್ಯಾರ್ಥಿಯ ಹಾಗೆ ಒಮ್ಮೆ ನೋಡಿದೆ.
"ಕೋನು ಎತ್ತಿಡು," ಅಂದೆ.
"ದೂರ ದೂರ ಇಡ್ಲಾ?"
"ಬೇಡ. ಎಲ್ಲಿತ್ತೋ ಅಲ್ಲೇ."